ಏನೋ ಇದೆ

ಅಖ್ತೂಬಾ ನದಿಯಾಚೆ, ಕಲ್ಲಂಗಡಿ ಹೊಲಗಳು ಮುಗಿದು
ಬರೀ ಹುಲ್ಲು ಮೊದಲಾಗುವಲ್ಲಿ
ಒಂದು ಲಾರಿ, ಬೆನ್ನ ಮೇಲೆ ಹದಿನಾರು ಕೊಂಬು:
ನನ್ನ ರಡಾರು.
ಮೂವತ್ತಾರು ವರ್ಷ ಇದರ ಹೊಟ್ಟೆಯೊಳಗೆ ಕೂತಿದ್ದೇನೆ.
ಗಾಜಿನ ವಾಲ್ವುಗಳು ಕೆಂಪೇರುವಷ್ಟರಲ್ಲಿ
ಟೋಪಿ ಬಿಚ್ಚಿ, ಕನ್ನಡಕ ಒರೆಸಿ,
ನಿನ್ನೆಯ ಬಿಸಿಯನ್ನು ನೆನೆದು ಪೆಟ್ಟಿಗೆಯ ಮೇಲೆ ಮಲಗಿದ
ಬೆಕ್ಕನ್ನು ಕೆಳಗಿಳಿಸುತ್ತೇನೆ.

ನಾಳೆ ಇದನ್ನು ಬಿಚ್ಚುತ್ತಾರೆ.

ಲೆಫ್ಟಿನೆಂಟ್ ದೆಮೀದ್ ಮರ್ಯಾದಸ್ಥ ಹುಡುಗ,
ಫೈನಾ ತೀಖೊನೊವ್ನಾ ಎಂದು ಅಪ್ಪನ ಹೆಸರೂ ಸೇರಿಸಿ ಕರೆಯುತ್ತಾನೆ.
ತನ್ನ ಹೊಸ ಗಾಡಿಗೆ ಕರೆದೊಯ್ದು ತೋರಿಸಿದ.
ತಿರುಗುವುದೇ ಇಲ್ಲ ಅದು. ಗೋಡೆಯಂತೆ ನಿಂತಲ್ಲೇ ನಿಂತು
ಸಾವಿರ ಕಣ್ಣು, ರೆಪ್ಪೆ ಬಡಿಯದೆ ನೋಡುತ್ತದೆ.
ಎತ್ತರ, ವೇಗ, ಯಾರ ಕಡೆಯವನು, ಎಲ್ಲವೂ ಅಂಕಿಯಲ್ಲಿ.
'ಕೊಕ್ಕರೆಗಳೆಲ್ಲಿ?' ಕೇಳಿದೆ.
ಸೆಪ್ಟೆಂಬರು; ಅವು ತೆಂಕಣಕ್ಕೆ ಹೊರಟ ಹೊತ್ತು.
'ಹಕ್ಕಿಗಳನ್ನು ಯಂತ್ರವೇ ಅಳಿಸಿಬಿಡುತ್ತದೆ' ಎಂದ,
ಹೊಸ ಸೊಸೆಯ ಕೆಲಸ ಹೊಗಳುವ ಅತ್ತೆಯ ಹಾಗೆ.

ಹಳೆಯದನ್ನೇ ಹಾಡಿ ಹೊಗಳುವ ಚಟ ನನಗಿಲ್ಲ.
ಉಕ್ಕಿನ ಮೈಯ ಆ ಮಿಗ್‌ಗಳು ನೆನಪಿವೆ:
ಹಾರಿದರೆ ತಮ್ಮ ಸದ್ದನ್ನೇ ಹಿಂದೆ ಬಿಡುತ್ತಿದ್ದವು,
ಮೈ ತಣಿಯಲು ಸ್ಪಿರಿಟ್ಟು ಕುಡಿಯುತ್ತಿದ್ದವು,
ಅವುಗಳ ಪಾಲನ್ನು ಮೆಕ್ಯಾನಿಕ್ಕುಗಳು ಕುಡಿಯುತ್ತಿದ್ದರು.
ನನ್ನ ಗಂಡ ನಜಾರ್ ಆ ಲೆಕ್ಕದ ಪುಸ್ತಕ ಬರೆದವನು.
ಬರೆದ ಲೀಟರು ವಿಮಾನಕ್ಕೆ, ಬರೆಯದ್ದು ಯಕೃತ್ತಿಗೆ.
ಅವನ ಗೋರಿಗಲ್ಲಿನ ಮೇಲೆ ರೆಕ್ಕೆ ಕೆತ್ತಿಸಿದ್ದಾರೆ.

ಹಳೆಯ ಕ್ಷಿಪಣಿಗೆ ಆಮ್ಲ ತುಂಬಬೇಕಿತ್ತು.
ಆಗಸ್ಟಿನ ಬಿಸಿಲಲ್ಲಿ ರಬ್ಬರು ನಿಲುವಂಗಿ ತೊಟ್ಟು
ಹುಡುಗರು ಒಳಗೊಳಗೇ ಬೇಯುತ್ತಿದ್ದರು.
ಹೊಸದು ಭರಣಿಯ ಉಪ್ಪಿನಕಾಯಿಯ ಹಾಗೆ
ಕೊಳವೆಯೊಳಗೆ ಮುಚ್ಚಿಕೊಂಡೇ ಬರುತ್ತದೆ,
ಹತ್ತು ವರ್ಷ ಮುಚ್ಚಳ ತೆಗೆಯುವಂತಿಲ್ಲ.
ಯಾರ ಕೈಯೂ ಸುಡುವುದಿಲ್ಲ ಈಗ. ಒಳ್ಳೆಯದೇ.

ಗುರುವಾರ ಹೊಸ ವಿಮಾನ ಬಂತು ಪರೀಕ್ಷೆಗೆ.
ಅಂಚುಗಳೆಲ್ಲ ಓರೆ, ಬಣ್ಣ ಮಂಜಿನದು,
ಸಾಲ ಕೇಳಿದರೆ ಮಾತು ತಿರುಗಿಸುವವರಂತೆ
ಬಂದ ಅಲೆಯನ್ನು ಬೇರೆತ್ತಲೋ ಜಾರಿಸಿಬಿಡುವ ಮೈ.
ದೆಮೀದನ ಗೋಡೆ ಖಾಲಿ.
ಒಂದು ಗುಬ್ಬಿಯಷ್ಟೂ ಇಲ್ಲ; ಇದ್ದರೂ
ಗುಬ್ಬಿಯೆಂದೇ ಅಳಿಸಿರುತ್ತದೆ.
ನನ್ನ ಹಸಿರು ಪರದೆಯಲ್ಲಿ ಮಾತ್ರ
ಹೆಬ್ಬೆರಳು ಒತ್ತಿದಂತೆ ಒಂದು ಮಸುಕು.
ಫೋನೆತ್ತಿ ಹೇಳಿದೆ: ಏನೋ ಇದೆ.
'ಏನು? ಎಲ್ಲಿ? ಎಷ್ಟು ಎತ್ತರ?'
ಗೊತ್ತಿಲ್ಲಪ್ಪ. ನನ್ನ ಅಲೆ ಉದ್ದ, ಅಂಗೈ ಒರಟು,
ಕಣ್ಣಿಲ್ಲದ ಅಜ್ಜಿ ಮಗುವಿನ ಮುಖ ತಡವಿದ ಹಾಗೆ
ತಡವುತ್ತೇನೆ ಅಷ್ಟೆ.
ಏನೋ ಇದೆ.

ನಕ್ಕರು. ಆಮೇಲೆ ನಗಲಿಲ್ಲ.

ಇಷ್ಟು ಮಸುಕಿಗೆ ಗುರಿಯಿಡಲಾಗದು, ನಿಜ.
ವರದಿಯಲ್ಲಿ ಅದನ್ನೇ ದೋಷವೆಂದು ಬರೆದಿದ್ದಾರೆ.

ಎಂಬತ್ತೊಂಬತ್ತರ ಚಳಿಗಾಲ, ಒಂದು ರಾತ್ರಿ,
ಇಂಥದೇ ಮಸುಕು ಪಡುವಣದಿಂದ ಬಂತು.
ಮೇಜರ್ ಝಿಗಾಲೊವ್ ಬೆರಳನ್ನು ಗುಂಡಿಯ ಹತ್ತಿರವಿಟ್ಟು
ಕೇಳಿದ: ಖಚಿತವೇ?
ಇಲ್ಲ, ಎಂದೆ.
ನಾಲ್ಕು ನಿಮಿಷ. ಹಸಿರು ಗೆರೆ
ಗಾಣದೆತ್ತಿನಂತೆ ಸುತ್ತಿತು, ಸುತ್ತಿತು.
ಝಿಗಾಲೊವ್‌ನ ಮೂಗಿನ ತುದಿಯಲ್ಲಿ ಬೆವರು ನಿಂತಿತ್ತು,
ಬೀಳಲಿಲ್ಲ.
ಬೆಳಗಾದಾಗ ತಿಳಿಯಿತು: ಹೊಲಕ್ಕೆ ಮದ್ದು ಸಿಂಪಡಿಸುವ
ಜೋಡಿ ರೆಕ್ಕೆಯ ಮುದಿ ವಿಮಾನ, ದಾರಿ ತಪ್ಪಿತ್ತು.
ಒಳಗೆ ಒಬ್ಬ ಪಶುವೈದ್ಯ, ಮೂರು ಟಗರು,
ಒಂದು ಮೂಟೆ ಸಕ್ಕರೆ.

ಇದನ್ನು ದೆಮೀದನಿಗೆ ಹೇಳಿದೆ.
'ಈಗ ಅರ್ಧ ಸೆಕೆಂಡಿಗೆ ಗೊತ್ತಾಗುತ್ತದೆ,
ಅದು ಒಳ್ಳೆಯದಲ್ಲವೇ?'
ಒಳ್ಳೆಯದೇ ಮಗೂ. ಆದರೆ ಉಳಿಸಿದ ಆ ನಾಲ್ಕು ನಿಮಿಷವನ್ನು
ಎಲ್ಲಿಟ್ಟಿದ್ದಾರೆ, ವಿಚಾರಿಸಿ ನೋಡು.

ಅವನು ಏನೂ ಅನ್ನಲಿಲ್ಲ, ಕೇಬಲ್ಲು ಸುತ್ತುತ್ತಿದ್ದ.
ಬೆಕ್ಕು ಹೊಸ ಗಾಡಿಯ ಮೇಲೆ ಹತ್ತಿ,
ಒಂದು ಸುತ್ತು ಮೂಸಿ,
ಬೆಚ್ಚಗಿಲ್ಲವೆಂದು ಇಳಿದುಬಂತು.