ದೊಣ್ಣೆನಾಯಕಿ

ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಅಂತ
ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಯಾರೂ ಕೇಳುತ್ತಿರಲಿಲ್ಲ.
ಎಂಟು ದಿನಕ್ಕೊಮ್ಮೆ ನೀರು ಬಿಡುವ ಹುಸೇನಪ್ಪ
ಸೈಕಲ್ಲಿಗೆ ಕಬ್ಬಿಣದ ಕೀಲಿ ಕಟ್ಟಿಕೊಂಡು ಬಂದನೆಂದರೆ
ಅವನಿಗೆ ಮೊದಲು ಚಹಾ, ಆಮೇಲೆ ಮಾತು.

ಈಗ ದೊಣ್ಣೆ ನನ್ನ ಕೈಯಲ್ಲಿದೆ.
ಸ್ಕಾಟ್ಲೆಂಡಿನ ಪೇಸ್ಲಿ, ನವೆಂಬರ್, ರಾತ್ರಿ ಎರಡೂ ಮುಕ್ಕಾಲು.
ಐದಡಿ ಮರದ ಕೋಲು, ತುದಿಗೆ ಬಟ್ಟಲಿನಂಥ ಕಿವಿ,
ನಿವೃತ್ತನಾದ ದಿನ ಫರ್ಗಸ್ ಮೆಕ್‌ಲಿಂಟಕ್ ಕೊಟ್ಟುಹೋದದ್ದು.
ಆಫೀಸಿನಲ್ಲಿ ಇದಕ್ಕಿಂತ ಜಾಣ ಯಂತ್ರಗಳಿವೆ.
ಅವುಗಳ ಬ್ಯಾಟರಿ ಚಳಿಗೆ ಸಾಯುತ್ತದೆ.

ಊರು ಮಲಗಿದಾಗ ನೀರೂ ಮಲಗಬೇಕು, ಇದು ನಮ್ಮ ಲೆಕ್ಕ.
ಮೂರು ಗಂಟೆಗೆ ಮೀಟರಿನ ಗೆರೆ ನೆಲ ಮುಟ್ಟಬೇಕು.
ಹನ್ನೆರಡು ದಿನದಿಂದ ಮುಟ್ಟುತ್ತಿಲ್ಲ.
ಸೆಕೆಂಡಿಗೆ ಎರಡು ಲೀಟರು
ಯಾರ ಬಾಯಿಗೂ ಬೀಳದೆ ಎಲ್ಲೋ ಇಳಿದುಹೋಗುತ್ತಿದೆ.
ಈ ಮನೆಗಳಿಗೆ ಮೀಟರಿಲ್ಲ, ಹಾಗಾಗಿ ಯಾರಿಗೂ ನೋವಿಲ್ಲ,
ನನಗೆ, ಮತ್ತೆ ಸೋಮವಾರದ ಮೀಟಿಂಗಿನಲ್ಲಿ
ಗೋಡೆಯ ಮೇಲೆ ಬೀಳುವ ಆ ಕೆಂಪು ಚೌಕಕ್ಕೆ ಬಿಟ್ಟು.

ಮುಚ್ಚಳ ಎತ್ತು, ಕೋಲು ಊರು, ಕಿವಿ ಇಡು.
ಏನಿಲ್ಲ. ಮುಂದಿನ ಮನೆ. ಏನಿಲ್ಲ.
ಒಂದು ನರಿ ನನ್ನನ್ನು ನೋಡಿಯೂ ಅವಸರ ಮಾಡದೆ ರಸ್ತೆ ದಾಟಿತು.
ಕೆಳಗೆ ದಾರದ ಗಿರಣಿಗಳ ಕಾಲದ ಎರಕದ ಕೊಳವೆ.
ಗಿರಣಿ ಹೋದವು, ದಾರ ಹೋಯಿತು,
ಕೊಳವೆಗೆ ಯಾರೂ ಹೇಳಿಲ್ಲ.
ಕೆಲವು ವಾಲ್ವು ಎಡಕ್ಕೆ ತೆರೆಯುತ್ತವೆ, ಕೆಲವು ಬಲಕ್ಕೆ,
ಯಾವುದು ಹೇಗೆಂಬುದು ನಕ್ಷೆಯಲ್ಲಿರಲಿಲ್ಲ,
ಫರ್ಗಸನ ಮಣಿಕಟ್ಟಿನಲ್ಲಿತ್ತು.
ಕೊನೆಯ ಆರು ತಿಂಗಳು ನೋಟ್‌ಬುಕ್ ಹಿಡಿದು ಅವನ ಹಿಂದೆ ನಡೆದೆ.
ಮಳೆಗೆ ಶಾಯಿ ಹರಡುತ್ತಿತ್ತು. ಅವನಿಗೆ ನಗು.
"ಬರಿ ಬರಿ, ನೀರಲ್ಲೇ ಬರಿ."

ಹದಿನೇಳನೇ ಮನೆಯ ಮುಂದೆ ಕೋಲು ಮಾತಾಡಿತು.
ಸಣ್ಣಗೆ, ಬಿಡದೆ,
ಉಕ್ಕುವ ಮೊದಲು ಹಾಲು ಮಾಡುವ ಸದ್ದು.
ಸಿಕ್ಕಿತು! ನೀಲಿ ಬಣ್ಣದ ಡಬ್ಬಿ ಅಲುಗಾಡಿಸಿ
ರಸ್ತೆಗೆ ಗುರುತು ಹಾಕಲು ಬಗ್ಗಿದೆ.
ಬಾಗಿಲು ತೆರೆಯಿತು. ನೈಟಿ, ಅದರ ಮೇಲೆ ಗಂಡನ ಕೋಟು.
ಮೋರಾಗ್ ಗಿಲ್‌ಕ್ರಿಸ್ಟ್, ಎಪ್ಪತ್ತರ ಆಚೆ.
ಅವಳ ಇಂಗ್ಲಿಷು ನನ್ನ ಕಿವಿಗೆ ಬಿದ್ದದ್ದು ಹೀಗೆ:
"ಬಂದ್ ಮಾಡಬ್ಯಾಡವ್ವಾ, ಅಂವಾ ಇನ್ನೂ ಮಷೀನಿನ್ಯಾಗ ಅದಾನ."

ಪರದೆಯ ಸಂದಿಯಲ್ಲಿ ಹಸಿರು ದೀಪ. ಒಂದು ಕುರ್ಚಿ. ಚಾಚಿದ ಕೈ.
ಒಬ್ಬ ಮನುಷ್ಯನ ರಕ್ತ ತೊಳೆಯುತ್ತಿತ್ತು
ನಾನು ಸೋರಿಕೆ ಅಂದುಕೊಂಡದ್ದು.

ನೀರು ನಿಲ್ಲಿಸುವ ಮುಂಚೆ ಕೇಳಲೇಬೇಕಾದ ಮನೆಗಳದ್ದೊಂದು ಪಟ್ಟಿ ಇದೆ ನಮ್ಮಲ್ಲಿ.
ಅದರಲ್ಲಿ ಹದಿನೇಳು ಇಲ್ಲ.
ಈಸ್ಟರಿನಲ್ಲೇ ಅರ್ಜಿ ಕೊಟ್ಟಿದ್ದೆವಲ್ಲ, ಅಂದಳು.
ಬರುವ ಬುಧವಾರ ಈ ರಸ್ತೆಗೆ ನಾಲ್ಕು ತಾಸು ನೀರು ಬಂದ್,
ಆ ಕಾಗದಕ್ಕೆ ಸಹಿ ಹಾಕಿದವಳು ನಾನು.

ವ್ಯಾನಿನಲ್ಲಿ ಕೂತು ಬೆರಳಿಗೆ ಉಸಿರು ಊದಿ
ಅವಳ ಹೆಸರಿನ ಕಾಗುಣಿತ ಎರಡು ಸಲ ತಿದ್ದಿದೆ.
ಬುಧವಾರ ಅಳಿಸಿದೆ. ಯಾವ ದಿನವಾದೀತು, ಯಾವ ಹೊತ್ತು,
ಬೆಳಗಾದ ಮೇಲೆ ಬಂದು ಅವಳನ್ನೇ ಕೇಳಬೇಕು.

ಬಾಣಂತಿ ಇದ್ದ ಓಣಿಗೆ ಹುಸೇನಪ್ಪ
ಅರ್ಧ ತಾಸು ಹೆಚ್ಚು ಬಿಡುತ್ತಿದ್ದ.
ಯಾರ ಮನೆಯಲ್ಲಿ ಹೆರಿಗೆ, ಯಾರ ಮನೆಯಲ್ಲಿ ಹೆಣ
ಅವನಿಗೆ ಹೇಗೆ ಗೊತ್ತಾಗುತ್ತಿತ್ತೋ.
ಆ ಚಹಾ ಲಂಚ ಅಂತಲೇ ತಿಳಿದಿದ್ದೆ, ಇಷ್ಟು ವರ್ಷ.

ಎರಡು ಲೀಟರು ಇನ್ನೂ ಹೋಗುತ್ತಲೇ ಇದೆ.
ಮೂರೂ ಹತ್ತು.
ಹತ್ತೊಂಬತ್ತನೇ ಮನೆಯ ಮುಚ್ಚಳ ಮಂಜಿಗೆ ಕಚ್ಚಿಕೊಂಡಿದೆ.
ಒದ್ದೆ.