ನಲವತ್ತು, ವಾಪಸ್

ಮಂಡಕ್ಕಿ ಚೀಲ ಎತ್ತಲು ಬಲ ಬೇಕಿಲ್ಲ,
ತೆಕ್ಕೆ ದೊಡ್ಡದಿರಬೇಕು.
ನೋಡಲು ಆಳೆತ್ತರ, ತೂಗಿದರೆ
ವರ್ಷದ ಕೂಸಿನಷ್ಟು.
ದಾವಣಗೆರೆಯ ಬಾಷಾ ನಗರದಲ್ಲಿ, ನನ್ನ ಭಾಮೈದನ ಭಟ್ಟಿಯಲ್ಲಿ,
ಬೆಳಗಿನ ನಾಲ್ಕಕ್ಕೇ ಮರಳು ಕಾಯುತ್ತದೆ.
ಲೆಕ್ಕದ ಪುಸ್ತಕ ನನ್ನದು. ಬುಡೇನ್ ಸಾಬ್,
ವಾಯುಪಡೆಯಲ್ಲಿದ್ದವ. ಹಾರಿಸುವವನಲ್ಲ,
ಹೊಟ್ಟೆಗೆ ತುಂಬುವವ.

ಗೋಡೆಯ ಟಿವಿಯಲ್ಲಿ ಮತ್ತೆ ಗಡಿ,
ಕೆಂಪು ಬಾಣಗಳು, ಕೂಗುವ ಕೋಟು.
ಜಬೀವುಲ್ಲಾ ಜರಡಿ ಹಿಡಿದೇ ಕೇಳುತ್ತಾನೆ:
"ದೊಡ್ಡ ವಿಮಾನ ಒಂದು ಹತ್ತು ಕಳಿಸಿದ್ರೆ
ಒಂದೇ ರಾತ್ರಿಗೆ ಮುಗೀತಿತ್ತಲ್ಲ, ಅಜ್ಜಾ?"

ಮುಗೀತಿತ್ತು. ಏನು ಅನ್ನೋದು ಬೇರೆ ಮಾತು.

ಆ ಡಿಸೆಂಬರಿನಲ್ಲಿ ನನಗೆ ಇಪ್ಪತ್ತೆರಡು.
ಸಾಮಾನು ಸಾಗಿಸುವ ವಿಮಾನ, ನಾಲ್ಕು ಪಂಖ,
ಹಿಟ್ಟು ಕಂಬಳಿ ಹೊತ್ತು ತಿರುಗುತ್ತಿದ್ದುದಕ್ಕೆ
ಹಲಗೆ ಹೊಡೆದು ಬಾಂಬಿನದು ಮಾಡಿದೆವು.
ಒಂದೊಂದು ಬಾಂಬೂ
ತುಂಬಿದ ಮದುವೆಮನೆ ಹಂಡೆಗಿಂತ ಭಾರ.
ಕಾಡಿನ ನಡುವೆ ಮದ್ದಿನ ಕಣಜವಿತ್ತಂತೆ,
ಮೂರು ದಿನ ಉರಿಯಿತಂತೆ.
ಸುಳ್ಳು ಹೇಳಲಾರೆ, ಅಂದು ಲಾಡು ಹಂಚಿ ತಿಂದೆವು.
ಅಂಥದ್ದಕ್ಕೆ ಅದು ಸರಿ:
ಹರಡಿಕೊಂಡು ಬಿದ್ದದ್ದು, ಕದಲಲಾರದ್ದು,
ಸುತ್ತ ಯಾರ ಒಲೆಯೂ ಇಲ್ಲದ್ದು.
ಸಣ್ಣ ಯುದ್ಧದಲ್ಲಿ, ಮಗಾ, ಅಂಥ ಜಾಗ
ಒಂದೋ ಎರಡೋ ಸಿಗುತ್ತವೆ.

ಆಮೇಲೆ ಸೇತುವೆ. ಮೂರು ರಾತ್ರಿ.
ಹೊಳೆಯ ಮೀನು ಸತ್ತು ತೇಲಿದವು,
ಆಚೆ ದಡದಲ್ಲಿ ಯಾರದೋ ಸಾಸಿವೆ ಹೊಲ
ಬಾವಿ ಬಾವಿಯಾಯಿತು.
ಸೇತುವೆ ನಿಂತೇ ಇತ್ತು.
ಕೊನೆಗೆ ಹಿಡಿದವರು ನಡೆದು ಹೋದವರು.
ಅದರ ಮೇಲೇ ಜೀಪು ದಾಟಿಸಿ, ಪುಣ್ಯಕ್ಕೆ
ನಿಮ್ಮ ಗುರಿ ತಪ್ಪಿತು ಎಂದು ನಕ್ಕರು.

ನಾಲ್ಕನೆಯ ರಾತ್ರಿ, ಇನ್ನೊಂದು ಊರಿನ ಹೆಸರಿಗೆ,
ನಲವತ್ತನ್ನೂ ತುಂಬಿ ಕೂತೆವು.
ಫೋನು ಬಂತು. ಬೇಡ.
ದೆಹಲಿಯಲ್ಲಿ ಯಾರೋ ಎಳೆದ ಗೆರೆ ಅದು;
ಗೆರೆಯಾಚೆ ಇನ್ನೂ ದೊಡ್ಡವರು ಬಾಗಿಲು ತೆರೆದು ಕೂತಿದ್ದರು.
ಅಷ್ಟುದ್ದ ರೆಕ್ಕೆ ಇಷ್ಟಗಲ ಅಂಗಳದಲ್ಲಿ
ಹೇಗೆ ತಿರುಗಿದರೂ ಪಕ್ಕದ ಮನೆಗೆ ತಾಗುತ್ತದೆ.

ತುಂಬಲು ಎರಡು ತಾಸು. ಇಳಿಸುವಷ್ಟರಲ್ಲಿ ಬೆಳಗಾಯಿತು.
ಮೂತಿಯ ಫ್ಯೂಜು ಬಿಚ್ಚಿ, ಒಂದೊಂದನ್ನೇ
ತಳ್ಳುಗಾಡಿಗೆ, ಮಲಗಿದ ಎಮ್ಮೆಯನ್ನು
ಎಚ್ಚರವಾಗದಂತೆ ಸರಿಸಿದ ಹಾಗೆ.
ಏಳನೆಯದು ಜಾರಿ
ನನ್ನ ಎಡಗೈ ಹೆಬ್ಬೆರಳು ತಿಂದಿತು.
ಪದಕ ಬಂದದ್ದು ಹಾಕಿದ ರಾತ್ರಿಗಳಿಗೆ.
ಇಳಿಸಿದ ರಾತ್ರಿಗೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ,
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ನಲವತ್ತು, ವಾಪಸ್.

ಆ ಊರಿನ ಹೆಸರು ಇವತ್ತಿಗೂ ಬಾಯಿಗೆ ಬರುತ್ತದೆ,
ನಾನು ನೋಡದ ಊರು.
ಅಲ್ಲೂ ಈ ಹೊತ್ತಿಗೆ ಯಾರೋ
ಒಲೆ ಊದುತ್ತಿರಬೇಕು.

ಜಬೀವುಲ್ಲಾ, ಟಿವಿ ಬಿಡು, ಮರಳು ನೋಡು.
ಸೀದ ವಾಸನೆ ಬರ್ತಿದೆ.