ಅಂಕಲ್ ಅಂದರೆ ಯಾರು

ವಿರಾಜಪೇಟೆಯ ಡಿಗ್ರಿ ಕಾಲೇಜು, ಜನವರಿಯ ಮಧ್ಯಾಹ್ನ.
ಕಾಫಿ ಕುಯ್ಲಿಗೆ ಹೋದವರು ಹೋಗಿ
ಕ್ಲಾಸಿನಲ್ಲಿ ಉಳಿದವರು ಹದಿನೇಳು.
ಟ್ಯೂಡರ್ ಕಾಲದ ಒಂದು ದೊಡ್ಡ ಮನೆತನವನ್ನು
ಬೋರ್ಡಿನ ಮೇಲೆ ತಲೆಕೆಳಗಾಗಿ ಬೆಳೆಸುತ್ತಿದ್ದೇನೆ:
ಬೇರು ಮೇಲೆ, ಕೊಂಬೆ ಕೆಳಗೆ,
ಮದುವೆಯಾದಲ್ಲಿ ಎರಡು ಗೆರೆ,
ತಲೆ ಹೋದಲ್ಲಿ ಸಣ್ಣದೊಂದು ಅಡ್ಡಗೆರೆ.

ಸೀಮೆಸುಣ್ಣ ಬಹಳ ತಿನ್ನುವ ಮನೆತನ.
ಅತ್ತೆಯ ಮಗಳು ರಾಣಿಯ ಸಖಿ,
ಸಖಿಯ ತಮ್ಮ ಅರಸನ ಬೇಟೆಯ ಜೊತೆಗಾರ,
ಜೊತೆಗಾರನ ಭಾವನಿಗೆ ಮುಚ್ಚಿಸಿದ ಮಠದ ಜಮೀನು.
ನಡುವೆ ಕೂತ ಒಬ್ಬ ಡ್ಯೂಕ್
ಮನೆಯ ಹೆಣ್ಣುಮಕ್ಕಳನ್ನು ಕರಿಮೆಣಸಿನ ಬಳ್ಳಿಯ ಹಾಗೆ
ಎತ್ತರದ ಮರ ನೋಡಿ ಹಬ್ಬಿಸುತ್ತಾನೆ.

ಗೈಡಿನಲ್ಲಿ ಎರಡೇ ಸಾಲು:
ರಾಣಿಗೆ ಮರಣದಂಡನೆಯ ತೀರ್ಪು ಓದಿದವನು ಅವಳ ಅಂಕಲ್.
ಆರು ವರ್ಷದೊಳಗೆ ತಲೆ ಕಳೆದುಕೊಂಡ ಇನ್ನೊಬ್ಬ ರಾಣಿಗೂ ಅವನೇ ಅಂಕಲ್.

ಎರಡನೇ ಬೆಂಚಿನ ದೇಚವ್ವ
ಪೆನ್ನಿನ ಮುಚ್ಚಳ ಕಚ್ಚುತ್ತ ಕೇಳಿದಳು:
"ಯಾವ ಅಂಕಲ್, ಮೇಡಂ?"
ಹೆಸರು ಹೇಳಿದೆ.
"ಹೆಸರಲ್ಲ. ಅಮ್ಮನ ಅಣ್ಣನೋ, ಅಪ್ಪನ ಅಣ್ಣನೋ?"

ಇಪ್ಪತ್ತೆರಡು ವರ್ಷ ಈ ಪಾಠ ಮಾಡಿದ್ದೇನೆ.
ಆ ಒಂದು ಇಂಗ್ಲಿಷ್ ಚೀಲದೊಳಗೆ
ಮಾವ, ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯ ಗಂಡ
ಒಬ್ಬರ ಮೇಲೊಬ್ಬರು ಬಿದ್ದುಕೊಂಡಿದ್ದರು.
ನಾನು ಕಟ್ಟು ಬಿಚ್ಚಿ ನೋಡಿರಲಿಲ್ಲ.

ಸಂಜೆ ಗೋಣಿಕೊಪ್ಪದ ಬಸ್ಸಿನಲ್ಲಿ
ಮೊಬೈಲಿನ ಸಣ್ಣ ಅಕ್ಷರಗಳಲ್ಲಿ ಹುಡುಕಿದೆ.
ಬಿಟ್ಟಂಗಾಲದಲ್ಲಿ ನೆಟ್‌ವರ್ಕ್ ಹೋಯಿತು,
ಹಾತೂರಿನಲ್ಲಿ ಬಂತು.
ಎರಡನೆಯವಳಿಗೆ ದೊಡ್ಡಪ್ಪ.
ಮೊದಲನೆಯವಳಿಗೆ ಸೋದರಮಾವ.

ಸೋದರಮಾವ.
ಅತ್ತುಕೊಂಡೇ ಓದಿದನಂತೆ ತೀರ್ಪನ್ನು.
ಓದದೆ ಅಳಬಹುದಿತ್ತು.

ನಮ್ಮಲ್ಲಿ ಸಮ್ಮಂದ ಕೊಡುವ ಹೊತ್ತು
ಎರಡು ಒಕ್ಕದ ಅರುವರು ಎದುರೆದುರು ನಿಲ್ಲುತ್ತಾರೆ.
ಹುಟ್ಟಿದ ಮನೆಯಲ್ಲಿ ಹೆಣ್ಣಿನ ಹಕ್ಕು ಹನ್ನೆರಡು ಕಲ್ಲು.
ಹನ್ನೊಂದನ್ನು ಎಣಿಸಿ ಕೊಡುತ್ತಾರೆ.
ಒಂದನ್ನು ಉಳಿಸಿಕೊಳ್ಳುತ್ತಾರೆ.
ನನ್ನ ಮದುವೆಯಲ್ಲಿ ನಾನದನ್ನು ನೋಡಲೇ ಇಲ್ಲ,
ರವಿಕೆಯ ತೋಳು ಬಿಗಿಯುತ್ತಿತ್ತು,
ಹೊರಗೆ ವಾಲಗ ಜೋರಾಗಿತ್ತು.

ನಾಲ್ಕು ವರ್ಷದ ಮೇಲೆ, ಶ್ರೀಮಂಗಲದ ಆ ಮನೆಯ ಅಂಗಳಕ್ಕೆ
ನಮ್ಮ ಅರುವ ಮೇದಪ್ಪಜ್ಜ ಬಾಡಿಗೆ ಜೀಪಿನಲ್ಲಿ ಬಂದರು.
ಮೊಣಕಾಲು ನೋವು, ಇಳಿಯುವುದಕ್ಕೇ ಐದು ನಿಮಿಷ.
ಕೂರಿ ಅಂದರೂ ಕೂರಲಿಲ್ಲ, ಕಾಫಿ ಮುಟ್ಟಲಿಲ್ಲ.
ಊರುಗೋಲಿನ ಮೇಲೆ ಎರಡೂ ಕೈ ಇಟ್ಟು
"ಒಂದು ಕಲ್ಲು ನಮ್ಮಲ್ಲಿದೆ" ಎಂದರು.
ಅಷ್ಟೇ. ನಾನು ಸೂಟ್‌ಕೇಸ್ ತಂದೆ.
ದಾರಿಯುದ್ದಕ್ಕೂ ಅವರು ಮಾತಾಡಿದ್ದು
ಕಾಫಿಯ ರೇಟಿನ ಬಗ್ಗೆ,
ಡ್ರೈವರನ ಜೊತೆ.

ಅಜ್ಜ ಹೋಗಿ ಒಂಬತ್ತು ವರ್ಷ.
ಆ ಕಲ್ಲು ಯಾವ ಡಬ್ಬಿಯಲ್ಲಿದೆಯೋ, ಯಾರನ್ನೂ ಕೇಳಿಲ್ಲ.

ಮರುದಿನ ಕ್ಲಾಸಿನಲ್ಲಿ
ಅಂಕಲ್ ಎಂಬುದನ್ನು ಹೊಡೆದುಹಾಕಿಸಿ
ಸೋದರಮಾವ ಎಂದು ಬರೆಸಿದೆ.
"ಪರೀಕ್ಷೆಗೆ ಬರುತ್ತಾ ಮೇಡಂ?" ಹಿಂದಿನಿಂದ ನಿಶಾದ್.
ಬರಲ್ಲ, ಅಂದೆ, ಆದರೂ ಬರಿ.

ದೇಚವ್ವ ಬರೆಯುತ್ತಿರಲಿಲ್ಲ.
ನಿನ್ನೆಯಿಂದ ಯಾರೂ ಅಳಿಸದೆ ಬಿಟ್ಟ ಆ ಮರವನ್ನು
ಬುಡದಿಂದ, ಅಂದರೆ ಮೇಲಿನಿಂದ,
ಒಂದೊಂದೇ ಗೆರೆ ಹಿಡಿದು ಇಳಿಯುತ್ತಿದ್ದಳು.
"ಇಷ್ಟೊಂದು ಜನ ನೆಂಟರು," ಎಂದಳು,
"ಕರೆದುಕೊಂಡು ಬರೋಕೆ ಒಬ್ಬರೂ ಹೋಗಲಿಲ್ವಾ?"

ನಾನು ಡಸ್ಟರ್ ಹುಡುಕಿದೆ
ಮೇಜಿನ ಮೇಲೆ, ಕಿಟಕಿಯಲ್ಲಿ, ಡ್ರಾಯರಿನೊಳಗೆ.
ಅದು ನನ್ನ ಕೈಯಲ್ಲೇ ಇತ್ತು.